ಲಾರಿಯ ಮೇಲೆ ಬರುವ ಮನೆಗೆ ಜವಾಬ್ದಾರಿ ಯಾರದು?

ಆವತಿಯ ಕಥೆ ಆರಂಭವಾಗುವುದೇ ಬಂಡಿಗಳಿಂದ. ಕಂಚಿಯ ಸೀಮೆಯಲ್ಲಿ ಬಲಾಢ್ಯನೊಬ್ಬನಿಗೆ ಹೆಣ್ಣು ಕೊಡಲೊಲ್ಲದೆ ಊರು ಬಿಟ್ಟ ಮೊರಸು ಒಕ್ಕಲಿಗರ ಏಳು ಮಂದಿ ಅಣ್ಣತಮ್ಮಂದಿರು ಹೆಂಡಿರು ಮಕ್ಕಳನ್ನು ಬಂಡಿಗಳಲ್ಲಿ ಕೂರಿಸಿಕೊಂಡು ಬಂದು, ನಂದಿದುರ್ಗದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಬೀಡು ಬಿಟ್ಟರೆಂದು ಐತಿಹ್ಯ. ಕಾಲ, ಹದಿನಾಲ್ಕನೆಯ ಶತಮಾನದ ಕೊನೆ ಅಥವಾ ಹದಿನೈದನೆಯದರ ಆರಂಭ. ಅವರ ಮುಖಂಡ ರಣಭೈರೇಗೌಡ ಅಲ್ಲಿಂದ ಮುಂದೆ ಸಾಗಿ ಆವತಿಯಲ್ಲಿ ನೆಲೆ ನಿಂತ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳ ನಾಡಪ್ರಭುಗಳೆಲ್ಲ ಈ ಬಂಡಿಗಳ ಬಳಗದಿಂದ ಕವಲೊಡೆದವರು ಎನ್ನುತ್ತದೆ ಪರಂಪರೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದ ಬೇರನ್ನೂ ಇಲ್ಲಿಗೇ ತಂದು ನಿಲ್ಲಿಸುತ್ತಾರೆ. ಮೊರಸು ಒಕ್ಕಲಿಗರಲ್ಲಿ ಬಂಡಿಗೆ ಪೂಜೆ ಸಲ್ಲಿಸುವ ಪದ್ಧತಿ ಇದ್ದದ್ದೂ ಈ ನೆನಪಿನಿಂದಲೇ ಇರಬೇಕು. ಹೊಸ ಊರಿನಲ್ಲಿ ಮೊದಲ ಮಣ್ಣಿನ ಗೋಡೆ ಏಳುವ ತನಕ ಬಂಡಿಯೇ ಅವರ ಮನೆ.

ಆ ಬಂಡಿಗಳಿಗೆ ಯಾರೂ ಲೈಸೆನ್ಸು ಕೇಳಿರಲಾರರು. ಕೋಟೆ ಕಟ್ಟುವಾಗ ಮಾತ್ರ ಮೇಲಿನ ದೊರೆಯ ಒಪ್ಪಿಗೆ ಬೇಕಾಗುತ್ತಿತ್ತು. 1537ರಲ್ಲಿ ಬೆಂಗಳೂರಿನ ಕೋಟೆಗೆ ಕೈ ಹಚ್ಚುವ ಮುನ್ನ ಕೆಂಪೇಗೌಡರು ವಿಜಯನಗರದ ಅಚ್ಯುತರಾಯನ ಅನುಮತಿ ಪಡೆದರೆಂಬ ಮಾತು ಪ್ರಸಿದ್ಧವಾಗಿಯೇ ಇದೆ. ಪ್ರಜೆ ಎಲ್ಲಿ, ಯಾವುದರಿಂದ ಮನೆ ಕಟ್ಟಿಕೊಂಡ ಎನ್ನುವುದು ಅರಸನ ಚಿಂತೆಯಾಗಿರಲಿಲ್ಲ. ಗೋಡೆ ಬಿದ್ದರೆ ಕಟ್ಟಿದವನ ಮೇಲೇ ಬೀಳುತ್ತಿತ್ತು.

ಇಂದು ಆವತಿಯ ಮಗ್ಗುಲಲ್ಲಿ ಬೆಂಗಳೂರು-ಹೈದರಾಬಾದ್ ಹೆದ್ದಾರಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ರಸ್ತೆಯಲ್ಲಿ ಮತ್ತೆ ಮನೆಗಳ ಸಂಚಾರ ಶುರುವಾಗಿದೆ. ಈ ಸಲ ಲಾರಿಗಳ ಮೇಲೆ. ಕಿಟಕಿಯ ಕಂಡಿ ಬಿಟ್ಟು ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳು, ನಡುವೆ ನೊರೆ ತುಂಬಿ ಎರಡೂ ಬದಿ ತಗಡು ಹೊದಿಸಿದ ಹಲಗೆಗಳು, ಬಾಗಿಲು-ಫ್ಯಾನು-ಸಿಂಕು ಸಮೇತ ಸಿದ್ಧವಾದ ಕಂಟೇನರ್ ಮನೆಗಳು. ಬೆಳಿಗ್ಗೆ ಕ್ರೇನ್ ಬಂದರೆ ಸಂಜೆಗೆ ದೀಪ ಹಚ್ಚಬಹುದು ಎನ್ನುತ್ತಾರೆ ಮಾರುವವರು. ದ್ರಾಕ್ಷಿ ತೋಟದ ಮೂಲೆಯಲ್ಲಿ ವಾರದ ಕೊನೆಗೆ ತಂಗಲು ಒಂದು ಕೋಣೆ ಬೇಕೆನ್ನುವವರಿಂದ ಹಿಡಿದು ಸಾವಿರಾರು ಕೂಲಿಗಳನ್ನು ಇರಿಸಬೇಕಾದ ಗುತ್ತಿಗೆದಾರರ ತನಕ ಗಿರಾಕಿಗಳಿದ್ದಾರೆ.

ಇಂಥ ಮನೆಗೆ ಅನುಮತಿ ಕೊಡುವವರು ಯಾರು? ಅದರ ಗೋಡೆಯೊಳಗೆ ಏನಿದೆ ಎಂದು ನೋಡಿದವರು ಯಾರು? ಕುಸಿದರೆ ಹೊಣೆ ಯಾರದು? ಸರಳವಾಗಿ ಕಾಣುವ ಈ ಪ್ರಶ್ನೆಗಳಿಗೆ ಜಗತ್ತಿನ ಸರ್ಕಾರಗಳು ಉತ್ತರ ಹುಡುಕಿಕೊಂಡದ್ದು ಬಹಳ ತಡವಾಗಿ, ಬಹುಮಟ್ಟಿಗೆ ಜನ ಸತ್ತ ಮೇಲೆ. ನಮ್ಮಲ್ಲಿ ಉತ್ತರ ಇನ್ನೂ ಅರ್ಧಂಬರ್ಧವಾಗಿಯೇ ಇದೆ.

ಕಣ್ಣೆದುರು ಏಳುವ ಗೋಡೆ

ಕಟ್ಟಡದ ಕಾನೂನುಗಳೆಲ್ಲ ಹುಟ್ಟಿದ್ದು ನಿವೇಶನದಲ್ಲೇ ಏಳುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಪಾಯ ತೋಡಿದಾಗ ಆಳ ಅಳೆಯಬಹುದು. ಕಬ್ಬಿಣ ಕಟ್ಟಿದಾಗ ಸರಳು ಎಣಿಸಬಹುದು. ಕಾಂಕ್ರೀಟ್ ಸುರಿಯುವ ದಿನ ಒಂದಷ್ಟು ಘನಾಕೃತಿಗಳನ್ನು ಎರಕ ಹೊಯ್ದಿಟ್ಟು, ಇಪ್ಪತ್ತೆಂಟು ದಿನಗಳ ಮೇಲೆ ಯಂತ್ರದಲ್ಲಿ ಹಿಸುಕಿ ಬಲ ಎಷ್ಟೆಂದು ತಿಳಿಯಬಹುದು. ಎಂಜಿನಿಯರು ನೋಡದಿದ್ದರೂ ಮನೆಯೊಡೆಯ ನೋಡುತ್ತಾನೆ. ಅವನೂ ನೋಡದಿದ್ದರೆ ಎದುರು ಮನೆಯ ಅಜ್ಜ ಜಗುಲಿಯ ಮೇಲೆ ಕುಳಿತು ನೋಡುತ್ತಾನೆ. ಹಳ್ಳಿಯಲ್ಲಿ ಮೇಸ್ತ್ರಿ ಸಿಮೆಂಟಿಗೆ ಮರಳು ಹೆಚ್ಚು ಹಾಕಿದ ಎಂಬ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ತಿಳಿದಿರುತ್ತದೆ. ಈ ಉಚಿತ ತಪಾಸಣೆಯ ಬೆಲೆ ಸಣ್ಣದಲ್ಲ.

ಕಾರ್ಖಾನೆಯ ಮನೆ ಈ ಕಣ್ಣುಗಳಿಂದೆಲ್ಲ ತಪ್ಪಿಸಿಕೊಳ್ಳುತ್ತದೆ. ಅದು ಊರಿಗೆ ಬರುವಾಗಲೇ ಗೋಡೆ ಮುಚ್ಚಿರುತ್ತದೆ, ವೈರು ಒಳಗಿರುತ್ತದೆ, ಬಣ್ಣ ಬಳಿದಿರುತ್ತದೆ. ನಿವೇಶನಕ್ಕೆ ಬಂದ ಅಧಿಕಾರಿ ನೋಡಬಹುದಾದದ್ದು ಮೈಬಣ್ಣವನ್ನು ಮಾತ್ರ. ಹಾಗೆಂದು ಕಾರ್ಖಾನೆಯ ಮನೆ ಕಳಪೆ ಎಂದರ್ಥವಲ್ಲ. ಚಾವಣಿಯಡಿ, ಒಂದೇ ಅಚ್ಚಿನಲ್ಲಿ, ತೂಕ ಹಾಕಿ ಬೆರೆಸಿದ ಕಾಂಕ್ರೀಟು ಬಿಸಿಲಲ್ಲಿ ಬಾಣಲೆ ಲೆಕ್ಕದಲ್ಲಿ ಬೆರೆಸಿದ್ದಕ್ಕಿಂತ ಎಷ್ಟೋ ಪಾಲು ಮೇಲಾಗಿರುವುದು ಸಾಧ್ಯ. ತೊಡಕು ಇಷ್ಟೆ: ಒಳ್ಳೆಯದಾದರೆ ಸಾವಿರ ಮನೆಗಳೂ ಒಳ್ಳೆಯವು, ಅಚ್ಚಿನಲ್ಲೇ ತಪ್ಪಿದ್ದರೆ ಸಾವಿರ ಮನೆಗಳಲ್ಲೂ ಅದೇ ತಪ್ಪು.

ಮನೆಯ ವಿಷಯದಲ್ಲಿ ಸರ್ಕಾರ ತಲೆಹಾಕಿದ್ದು ನಮ್ಮ ಕಡೆ ಮುಖ್ಯವಾಗಿ ರೋಗದ ಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರನ್ನು ಮನೆ ಬಿಡಿಸಿ ಊರಾಚೆಯ ಶೆಡ್ಡುಗಳಿಗೆ ಕಳಿಸಿದರು. ಗಾಳಿ ಬೆಳಕಿಲ್ಲದ ಮನೆಗಳ ಚಾವಣಿ ತೆರೆದರು, ಕೆಲವನ್ನು ಕೆಡವಿದರು. ಹಳ್ಳಿಗಳಲ್ಲಿ ಇಲಿ ಬಿದ್ದೊಡನೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಅಗಲ ರಸ್ತೆಗಳು, ಮನೆಯ ಹಿಂದಿನ ಓಣಿಗಳು ಆ ಭಯದ ಕೂಸುಗಳು. ಕಿಟಕಿ ಎಷ್ಟಿರಬೇಕು, ಗೋಡೆಯಿಂದ ಗೋಡೆಗೆ ಎಷ್ಟು ಅಂತರ ಬಿಡಬೇಕು ಎನ್ನುವ ನಿಯಮಗಳು ಆಗಿನಿಂದ ಬಿಗಿಯಾಗುತ್ತ ಬಂದವು. ಗೋಡೆ ಎಲ್ಲಿ ತಯಾರಾಯಿತು ಎಂಬ ಪ್ರಶ್ನೆ ಇನ್ನೂ ಎದ್ದಿರಲಿಲ್ಲ. ಅದನ್ನು ಎಬ್ಬಿಸಿದವನು ಬೆಂಗಳೂರಿನಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಜರ್ಮನ್.

ಮೈಸೂರು ಸರ್ಕಾರದ ವಾಸ್ತುಶಿಲ್ಪಿ

ಆಟೊ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ನೌಕರಿ ಕಳೆದುಕೊಂಡು ಈಜಿಪ್ಟಿಗೆ ಹೋದವನು. ಅವನ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ತಿಂಗಳು ಇದ್ದರು. 1939ರಲ್ಲಿ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ. ಗುಮ್ಮಟ, ಕಮಾನುಗಳ ಶೋಭೆಯನ್ನು ಇಷ್ಟಪಡುತ್ತಿದ್ದ ದಿವಾನರಿಗೂ, ಬಿಸಿಲು ಯಾವ ದಿಕ್ಕಿನಿಂದ ಬರುತ್ತದೆಂದು ಲೆಕ್ಕ ಹಾಕಿ ಸೂರು ಚಾಚುತ್ತಿದ್ದ ಈ ಜರ್ಮನ್ನನಿಗೂ ಅಭಿರುಚಿಯಲ್ಲಿ ಹೊಂದಾಣಿಕೆ ಕಷ್ಟವೇ ಇತ್ತು. ಆದರೂ ಅವನು ಸುಮಾರು ಒಂಬತ್ತು ವರ್ಷ ಇಲ್ಲಿದ್ದ. ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಅವನ ಕಟ್ಟಡಗಳಿವೆ. ಟಾಟಾ ಕಂಪನಿಗಾಗಿ ಜಮ್‌ಶೆಡ್‌ಪುರದ ಯೋಜನೆಯನ್ನೂ ಮಾಡಿದ. ಕಾರ್ಖಾನೆಯಲ್ಲಿ ಸಿದ್ಧಪಡಿಸಬಹುದಾದ ಮನೆಗಳ ಯೋಚನೆ ಅವನಿಗೆ ಅಂಟಿಕೊಂಡದ್ದು ಆ ಕೆಲಸದಲ್ಲೇ.

ದೇಶ ವಿಭಜನೆಯಾಯಿತು. ಲಕ್ಷಗಟ್ಟಲೆ ನಿರಾಶ್ರಿತರು ದಿಲ್ಲಿಯ ಡೇರೆಗಳಲ್ಲಿದ್ದರು. ಇಟ್ಟಿಗೆ ಸುಟ್ಟು, ಗೋಡೆ ಕಟ್ಟಿ, ತಾರಸಿ ಹಾಕುವಷ್ಟು ವ್ಯವಧಾನ ಇರಲಿಲ್ಲ. 1948ರಲ್ಲಿ ಕೋನಿಗ್ಸ್‌ಬರ್ಗರ್‌ನನ್ನು ಭಾರತ ಸರ್ಕಾರ ವಸತಿ ನಿರ್ದೇಶಕನನ್ನಾಗಿ ದಿಲ್ಲಿಗೆ ಕರೆಸಿಕೊಂಡಿತು. ಆಗ ವಸತಿ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ ಕೌರ್ ಅವರ ಕೈಯಲ್ಲಿತ್ತು. ಜಂಗಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ತಲೆಯೆತ್ತಿತು. ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ದೊಡ್ಡ ದೊಡ್ಡ ಹಲಗೆಗಳನ್ನು ಅಲ್ಲಿ ತಯಾರಿಸಿ, ಲಾರಿಯಲ್ಲಿ ಸಾಗಿಸಿ, ನಿವೇಶನದಲ್ಲಿ ಜೋಡಿಸಿ ಮನೆ ಮಾಡುವುದು ಉದ್ದೇಶ. ವಿಧಾನ ಬ್ರಿಟನ್ನಿನಿಂದ ಬಂದದ್ದು. ಅಲ್ಲಿ 1944ರ ಕಾಯಿದೆಯೊಂದರ ಅಡಿಯಲ್ಲಿ, ಬಾಂಬಿಗೆ ಮನೆ ಕಳೆದುಕೊಂಡವರಿಗಾಗಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಿದ್ಧ ಮನೆಗಳನ್ನು ನಿಲ್ಲಿಸುತ್ತಿದ್ದ ಕಾಲ ಅದು. ಹತ್ತು ವರ್ಷಕ್ಕೆಂದು ಮಾಡಿದ ಆ ಮನೆಗಳಲ್ಲಿ ಕೆಲವು ಅರ್ಧ ಶತಮಾನ ದಾಟಿದವು ಎನ್ನುವುದು ಬೇರೆ ಮಾತು.

ದಿಲ್ಲಿಯಲ್ಲಿ ಹಾಗಾಗಲಿಲ್ಲ. ಹಲಗೆಗಳು ಬಿರುಕು ಬಿಟ್ಟವು. ಸಾಗಿಸುವಾಗ ಅಂಚು ಮುರಿದವು. ಖರ್ಚು ಇಟ್ಟಿಗೆಯ ಮನೆಗಿಂತ ಅಗ್ಗವಾಗುವುದಿರಲಿ, ಮೇಲೇರಿತು. ಪತ್ರಿಕೆಗಳೂ ಸಂಸತ್ತೂ ಸುಮ್ಮನಿರಲಿಲ್ಲ. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಬಿಟ್ಟು ಲಂಡನ್ನಿಗೆ ಹೋದ. ಕಾರ್ಖಾನೆ ಮಾತ್ರ ಉಳಿಯಿತು. 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಗಿ, 1978ರಲ್ಲಿ ಹಿಂದೂಸ್ತಾನ್ ಪ್ರೀಫ್ಯಾಬ್ ಎಂದು ಹೆಸರು ಬದಲಿಸಿಕೊಂಡಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶ ಬಿರುಕಲ್ಲ. ಹೊಸ ವಸ್ತು ಮೊದಲ ಸಲಕ್ಕೆ ಬಿರುಕು ಬಿಡುವುದು ಆಶ್ಚರ್ಯವೇನಲ್ಲ. ತಯಾರಿಸುವವನೂ ಸರ್ಕಾರ, ಕೊಳ್ಳುವವನೂ ಸರ್ಕಾರ, ಸರಿಯಿದೆ ಎಂದು ಮುದ್ರೆ ಒತ್ತುವವನೂ ಸರ್ಕಾರವಾದದ್ದು ಮುಖ್ಯ ಸಂಗತಿ. ದಿಲ್ಲಿಯ ಬಿಸಿಲು-ಚಳಿಗಳಲ್ಲಿ ಒಂದು ವರ್ಷ ನಿಲ್ಲಿಸಿ ನೋಡಿ ಎಂದು ಹೇಳುವ ಮೂರನೆಯವನು ಇರಲಿಲ್ಲ. ಅವಸರ ನಿಜವಾದದ್ದೇ, ಡೇರೆಯಲ್ಲಿದ್ದವರಿಗೆ ಕಾಯಿರಿ ಎನ್ನುವ ಧೈರ್ಯ ಯಾರಿಗಿತ್ತು? ಕೋನಿಗ್ಸ್‌ಬರ್ಗರ್ ಪಾಠ ಕಲಿತವನಂತೆ ಕಾಣುತ್ತಾನೆ. ಲಂಡನ್ನಿನಲ್ಲಿ ಅವನು ಉಳಿದ ಆಯುಷ್ಯವನ್ನು ಉಷ್ಣವಲಯದ ಮನೆಗಳ ಅಧ್ಯಯನಕ್ಕೆ ಕೊಟ್ಟ. 1970ರ ದಶಕದಲ್ಲಿ ಸಹೋದ್ಯೋಗಿಗಳೊಂದಿಗೆ ಅವನು ಬರೆದ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ತಲೆಮಾರುಗಳ ಪಠ್ಯವಾಯಿತು. ಅವನು ತೀರಿಕೊಂಡದ್ದು 1999ರಲ್ಲಿ.

ಕೀಲು ಎಲ್ಲಿದೆ?

ಹಲಗೆ ಎಷ್ಟೇ ಗಟ್ಟಿಯಾಗಿರಲಿ, ಸಿದ್ಧ ಮನೆಯ ಜೀವ ಇರುವುದು ಕೀಲಿನಲ್ಲಿ. ನಿವೇಶನದಲ್ಲಿ ಸುರಿದ ಕಾಂಕ್ರೀಟಿನಲ್ಲಿ ಕಂಬ, ತೊಲೆ, ತಾರಸಿಗಳ ಕಬ್ಬಿಣ ಒಂದರೊಳಗೊಂದು ಹೆಣೆದುಕೊಂಡು ಒಂದೇ ಮೈಯಾಗುತ್ತದೆ. ಬಿಡಿ ಹಲಗೆಗಳ ಮನೆ ಇಸ್ಪೀಟೆಲೆಗಳ ಮನೆಯ ಹಾಗೆ. ಅಂಚುಗಳಿಂದ ಹೊರಚಾಚಿದ ಸರಳುಗಳನ್ನು ಬೆಸೆದು, ಸಂದಿಗೆ ಗಾರೆ ತುಂಬಿ, ಗೋಡೆಯನ್ನು ಗೋಡೆಗೂ ಗೋಡೆಯನ್ನು ಚಾವಣಿಗೂ ಕಟ್ಟಿ ಹಾಕಬೇಕು. ಈ ಕೆಲಸ ನಡೆಯುವುದು ಕಾರ್ಖಾನೆಯಲ್ಲಲ್ಲ, ಲಾರಿ ನಿಂತ ಜಾಗದಲ್ಲಿ, ಸಂಜೆಯ ಅವಸರದಲ್ಲಿ.

1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ ಇಪ್ಪತ್ತೆರಡು ಅಂತಸ್ತಿನ ಹೊಸ ಕಟ್ಟಡದ ಹದಿನೆಂಟನೆಯ ಮಹಡಿಯಲ್ಲಿ ಹೆಂಗಸೊಬ್ಬರು ಬೆಳಗಿನ ಚಹಾಕ್ಕೆ ಕಡ್ಡಿ ಗೀರಿದರು. ಸೋರಿದ್ದ ಅನಿಲ ಸಿಡಿಯಿತು. ಸ್ಫೋಟ ದೊಡ್ಡದೇನೂ ಆಗಿರಲಿಲ್ಲ, ಆಕೆ ಬದುಕಿದರು. ಆದರೆ ಒಂದು ಗೋಡೆಯ ಹಲಗೆ ಹೊರಕ್ಕೆ ಕಳಚಿತು. ಅದರ ಮೇಲೆ ನಿಂತಿದ್ದ ಹಲಗೆಗಳು ಆಸರೆ ತಪ್ಪಿ ಉರುಳಿದವು, ಆ ಭಾರಕ್ಕೆ ಕೆಳಗಿನವೂ ಜರಿದವು. ಒಂದು ಮೂಲೆ ಪೂರ್ತಿ ನೆಲ ಕಂಡಿತು. ನಾಲ್ವರು ಸತ್ತರು. ಕಟ್ಟಡಕ್ಕೆ ಆಗ ಕೇವಲ ಎರಡು ತಿಂಗಳ ಪ್ರಾಯ. ಸಣ್ಣ ಕಾರಣಕ್ಕೆ ದೊಡ್ಡ ಕುಸಿತ ಆಗಕೂಡದು ಎಂಬ ನಿಯಮ ಬ್ರಿಟನ್ನಿನ ಕಟ್ಟಡ ಕಾನೂನಿಗೆ ಸೇರಿದ್ದು ಆ ಮೇಲೆ.

ನಮ್ಮಲ್ಲೂ ಇಂಥದ್ದು ನಡೆದಿದೆ. 2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ಭೂಮಿ ನಡುಗಿದಾಗ, ಬೇಗ ಮುಗಿಯಲೆಂದು ಸಿದ್ಧ ಕಾಂಕ್ರೀಟ್ ಭಾಗಗಳನ್ನು ಜೋಡಿಸಿ ನಿಲ್ಲಿಸಿದ್ದ ಹಲವು ಶಾಲೆಗಳ ಚಾವಣಿ ಹಲಗೆಗಳು ಕಳಚಿ ಬಿದ್ದವು. ಹಲಗೆ ಮುರಿದಿರಲಿಲ್ಲ, ಅದನ್ನು ತೊಲೆಗೆ, ಪಕ್ಕದ ಹಲಗೆಗೆ ಕಟ್ಟಿಹಾಕಿದ್ದು ಸಾಲದಾಗಿತ್ತು. ಅಂದು ಗಣರಾಜ್ಯೋತ್ಸವ. ಮಕ್ಕಳು ತರಗತಿಗಳಲ್ಲಿರಲಿಲ್ಲ.

ಅಮೆರಿಕದವರ ದಾರಿ ಬೇರೆ. ಅಲ್ಲಿ ಚಕ್ರದ ಮೇಲಿನ ಮನೆ ಬಡವರ ಮನೆ. ಮೊದಲಿಗೆ ಕಾರಿನ ಹಿಂದೆ ಎಳೆಯುವ ಟ್ರೈಲರ್ ಆಗಿದ್ದದ್ದು ಯುದ್ಧದ ನಂತರ ಎಳೆಯದೆಯೇ ನಿಂತುಬಿಟ್ಟಿತು. ವಾಹನದ ಕಾನೂನಿಗೂ ಪೂರ್ತಿ ಸೇರದು, ಮನೆಯ ಕಾನೂನಿಗೂ ಸೇರದು. ರಾಜ್ಯಕ್ಕೊಂದು ನಿಯಮ, ಒಂದು ರಾಜ್ಯದಲ್ಲಿ ತಯಾರಾದದ್ದು ಗಡಿ ದಾಟಿದರೆ ಅಕ್ರಮವಾಗಬಹುದು. 1974ರಲ್ಲಿ ಅಲ್ಲಿನ ಕಾಂಗ್ರೆಸ್ ಇಡೀ ದೇಶಕ್ಕೆ ಒಂದೇ ಕಾಯಿದೆ ಮಾಡಿತು. 1976ರ ಜೂನ್ 15ರಿಂದ ತಯಾರಾದ ಇಂಥ ಪ್ರತಿ ಮನೆಗೂ ಕಾರ್ಖಾನೆಯಲ್ಲೇ ತಪಾಸಣೆ ಕಡ್ಡಾಯವಾಯಿತು. ತೇರ್ಗಡೆಯಾದ ಮನೆಯ ಹೊರಮೈಗೆ ಒಂದು ಕೆಂಪು ಲೋಹದ ಪಟ್ಟಿ. ಊರಿನ ಅಧಿಕಾರಿ ಗೋಡೆ ಬಿಚ್ಚಿ ನೋಡಬೇಕಿಲ್ಲ, ಪಟ್ಟಿ ನೋಡಿದರೆ ಸಾಕು. ಮನೆಯನ್ನು ನೆಲಕ್ಕೆ ಬಿಗಿಯುವುದರ ಮೇಲ್ವಿಚಾರಣೆ, ದೂರುಗಳ ವಿಚಾರಣೆ ರಾಜ್ಯಗಳ ಪಾಲಿಗೆ ಬಂತು. ಅಷ್ಟಾದರೂ 1992ರ ಆಗಸ್ಟಿನಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾದ ದಕ್ಷಿಣ ತುದಿಗೆ ಬಡಿದಾಗ, ಅದರ ಹಾದಿಯಲ್ಲಿದ್ದ ಇಂಥ ಮನೆಗಳು ಹೆಚ್ಚು ಕಡಿಮೆ ಎಲ್ಲವೂ ನೆಲಸಮವಾದವು. ಗಾಳಿಯ ವೇಗಕ್ಕೆ ತಕ್ಕಂತೆ ವಲಯಗಳನ್ನು ಮಾಡಿ ನಿಯಮ ಬಿಗಿಗೊಳಿಸಿದ್ದು 1994ರಲ್ಲಿ.

ಪಂಚಾಯಿತಿಯ ಮೆಟ್ಟಿಲು

ಆವತಿಗೆ ಹಿಂದಿರುಗೋಣ. ಪಾಯವಿಲ್ಲದ ಕಂಟೇನರ್ ಮನೆಗೆ, ಅದರಲ್ಲೂ ಚಕ್ರವಿದ್ದರೆ, ಯಾರ ಅನುಮತಿಯೂ ಬೇಡ ಎಂಬ ಮಾತು ಈ ಭಾಗದಲ್ಲಿ ಮಾತ್ರವಲ್ಲ, ಎಲ್ಲೆಡೆ ಚಾಲ್ತಿಯಲ್ಲಿದೆ. ಮಾರುವವರಿಗೆ ಅನುಕೂಲವಾದ ಮಾತು. ಕಾನೂನಿನ ಭಾಷೆ ಅಷ್ಟು ಉದಾರವಾಗಿಲ್ಲ. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮ ಕಟ್ಟಡ ಎಂಬ ಪದವನ್ನು ಬಿಡಿಸಿ ಹೇಳುವಾಗ ಮನೆ, ಕೊಟ್ಟಿಗೆ, ಶೆಡ್ಡು, ಗುಡಿಸಲುಗಳನ್ನೆಲ್ಲ ಸೇರಿಸಿ, ಅದು ಇಟ್ಟಿಗೆಯದಿರಲಿ, ಮರದ್ದಿರಲಿ, ಮಣ್ಣಿನದಿರಲಿ, ಲೋಹದ್ದಿರಲಿ ಎಂದು ಬಲೆಯನ್ನು ಅಗಲವಾಗಿಯೇ ಬೀಸಿತು. ಹಳ್ಳಿಗೆ ಅನ್ವಯಿಸುವುದು 1993ರ ಪಂಚಾಯತ್ ರಾಜ್ ಅಧಿನಿಯಮ. ಅದರ 64ನೆಯ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಅನುಮತಿಯಿಲ್ಲದೆ ಕಟ್ಟಡ ನಿರ್ಮಿಸುವಂತಿಲ್ಲ. ದೇವನಹಳ್ಳಿ ಸುತ್ತಿನ ಹಳ್ಳಿಗಳಿಗೆ ಇದರ ಮೇಲೆ ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರವೂ ಬಂತು. ಯಾವ ಜಮೀನು ಯಾವ ಉಪಯೋಗಕ್ಕೆ ಎಂದು ಅದರ ನಕ್ಷೆ ಹೇಳುತ್ತದೆ.

ಜಮೀನಿನದು ಇನ್ನೊಂದು ಕಥೆ. 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣ ಬೇಸಾಯಗಾರನಿಗೆ ತನ್ನ ಹೊಲದಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಕೊಟ್ಟಿದೆ, ಆದರೆ ಹಿಡುವಳಿಯ ನೂರಕ್ಕೆ ಹತ್ತರಷ್ಟನ್ನು ಮೀರದಂತೆ ಮತ್ತು ಬೇಸಾಯದ ಅನುಕೂಲಕ್ಕಾಗಿ. ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುವ ಸ್ನೇಹಿತರ ಕೂಟ ಬೇಸಾಯದ ಅನುಕೂಲ ಹೇಗಾಗುತ್ತದೆ ಎಂದು ತಹಸೀಲ್ದಾರರು ಕೇಳಿದರೆ ಉತ್ತರಿಸುವುದು ಕಷ್ಟ. ಬೇರೆ ಉಪಯೋಗಕ್ಕೆ ಭೂಪರಿವರ್ತನೆ ಆಗಬೇಕು. ಅಂದರೆ, ಚಕ್ರವಿದೆಯೇ ಇಲ್ಲವೇ ಎಂಬ ಚರ್ಚೆಗೆ ಮುಂಚೆಯೇ ಜಮೀನಿನ ಪ್ರಶ್ನೆ ಬಾಗಿಲಲ್ಲಿ ನಿಂತಿರುತ್ತದೆ.

ಚಕ್ರದ ವಾದ ಕೆಲಸಕ್ಕೆ ಬರುವುದು ಬೇರೆಡೆ, ಅದೂ ಮನೆಯವನಿಗೆ ವಿರುದ್ಧವಾಗಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಸ್ಥಿರಾಸ್ತಿ ಎನ್ನಿಸಿಕೊಳ್ಳಲು ವಸ್ತು ಭೂಮಿಗೆ ಹತ್ತಿಕೊಂಡಿರಬೇಕು: ಮರದಂತೆ ಬೇರು ಬಿಟ್ಟಿರಬೇಕು, ಗೋಡೆಯಂತೆ ಹೂತಿರಬೇಕು, ಅಥವಾ ಹೂತದ್ದಕ್ಕೆ ಶಾಶ್ವತ ಉಪಯೋಗಕ್ಕಾಗಿ ಅಂಟಿರಬೇಕು. ರಸ್ತೆಗೆ ಡಾಂಬರು ಮಿಶ್ರಣ ಮಾಡುವ ಒಂದು ಯಂತ್ರಸ್ಥಾವರದ ಮೊಕದ್ದಮೆಯಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಅಲುಗಾಡದಿರಲೆಂದು ನಟ್ಟು ಬೋಲ್ಟು ಹಾಕಿ ನೆಲಕ್ಕೆ ಬಿಗಿದ ಮಾತ್ರಕ್ಕೆ ಅದು ಸ್ಥಿರಾಸ್ತಿಯಾಗದು ಎಂದಿತು. ಆ ತರ್ಕವನ್ನು ಕಂಟೇನರ್ ಮನೆಗೆ ಹಚ್ಚಿದರೆ, ನಾಳೆ ಬೋಲ್ಟು ಬಿಚ್ಚಿ ಒಯ್ಯಬಹುದಾದದ್ದು ಮನೆಯಲ್ಲ, ಸಾಮಾನು. ಸಾಮಾನಿಗೆ ಬ್ಯಾಂಕು ಗೃಹಸಾಲ ಕೊಡಲು ಹಿಂಜರಿಯುತ್ತದೆ. ಒಂದೇ ವಸ್ತು ಪಂಚಾಯಿತಿಯ ಮುಂದೆ ಕಟ್ಟಡವಾಗಿ, ಬ್ಯಾಂಕಿನ ಮುಂದೆ ಪೆಟ್ಟಿಗೆಯಾಗಿ ನಿಲ್ಲುವ ವಿಚಿತ್ರ ಇದು.

ಬಡವರ ಮನೆಗಳಲ್ಲಿ ಈ ತೊಡಕು ಇನ್ನೂ ನಿಷ್ಠುರ. ರಾಜ್ಯದ ಗ್ರಾಮೀಣ ವಸತಿ ಯೋಜನೆಗಳನ್ನು 2000ದಿಂದ ನೋಡಿಕೊಳ್ಳುತ್ತಿರುವುದು ರಾಜೀವ್ ಗಾಂಧಿ ವಸತಿ ನಿಗಮ. ಸಹಾಯಧನ ಒಟ್ಟಿಗೆ ಕೈಗೆ ಬರುವುದಿಲ್ಲ. ತಳಪಾಯ ಆದಾಗ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಒಂದು, ಚಾವಣಿಗೆ ಒಂದು, ಪೂರ್ಣಗೊಂಡಾಗ ಕೊನೆಯದು. ಪ್ರತಿ ಹಂತದಲ್ಲೂ ಪಂಚಾಯಿತಿಯವರು ಸ್ಥಳಕ್ಕೆ ಬಂದು ಫೋಟೋ ತೆಗೆಯಬೇಕು. ಮೋಸ ತಡೆಯಲು ಮಾಡಿದ ಒಳ್ಳೆಯ ವ್ಯವಸ್ಥೆಯೇ. ಆದರೆ ಕಾರ್ಖಾನೆಯ ಮನೆಗೆ ಲಿಂಟಲ್ ಹಂತ ಎಂಬುದೇ ಇಲ್ಲ. ಅದಕ್ಕೆ ಹಣ ಬೇಕಾಗುವುದು ಒಂದೇ ಬಾರಿ, ಅದೂ ನಿವೇಶನದಲ್ಲಿ ಏನೂ ಕಾಣದಿರುವಾಗ. ಸಿದ್ಧ ಮನೆ ಬೇಡ ಎಂದು ಯಾವ ಆದೇಶವನ್ನೂ ಹೊರಡಿಸಬೇಕಾಗಿಲ್ಲ. ಕಂತಿನ ಕ್ರಮವೇ ಅದನ್ನು ಹೊರಗಿಡುತ್ತದೆ. ನಿಯಂತ್ರಣ ಎಂದರೆ ಕಾಯಿದೆ ಪುಸ್ತಕ ಮಾತ್ರ ಎಂದುಕೊಂಡವರು ಇಂಥ ಅರ್ಜಿ ನಮೂನೆಗಳನ್ನೂ ಓದಬೇಕು. ಲೋಕೋಪಯೋಗಿ ಎಂಜಿನಿಯರುಗಳ ದರಪಟ್ಟಿಯೂ ಹಾಗೆಯೇ. ಅದರಲ್ಲಿ ಇಲ್ಲದ ವಸ್ತುವನ್ನು ಅಂದಾಜಿನಲ್ಲಿ ಸೇರಿಸಿ ಲೆಕ್ಕಪರಿಶೋಧಕರ ಆಕ್ಷೇಪಣೆಯನ್ನು ಎದುರಿಸುವ ಉತ್ಸಾಹ ಎಷ್ಟು ಮಂದಿಗಿದ್ದೀತು?

ಮುದ್ರೆ ಒತ್ತುವ ಮೂರನೆಯವನ ಕೊರತೆ ತುಂಬಲೆಂದು ಕೇಂದ್ರ ಸರ್ಕಾರ 1990ರಲ್ಲಿ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿಯನ್ನು ಸ್ಥಾಪಿಸಿತು. ಭಾರತೀಯ ಮಾನಕ ಇಲ್ಲದ ಹೊಸ ವಸ್ತು, ಹೊಸ ವಿಧಾನಗಳನ್ನು ಪರೀಕ್ಷಿಸಿ ಅದು ಪ್ರಮಾಣಪತ್ರ ಕೊಡುತ್ತದೆ. ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಜ್ ಬಡಾವಣೆಯಲ್ಲಿ 2023ರ ಆಗಸ್ಟ್ 18ರಂದು ಉದ್ಘಾಟನೆಯಾದ ಅಂಚೆ ಕಚೇರಿ ಈ ದಾರಿಗೆ ಒಳ್ಳೆಯ ಉದಾಹರಣೆ. 1,021 ಚದರ ಅಡಿಯ ಆ ಕಟ್ಟಡದ ಗೋಡೆಗಳನ್ನು ಯಂತ್ರವೊಂದು ಚಕ್ಕುಲಿ ಒತ್ತಿದಂತೆ ಪದರ ಪದರವಾಗಿ ಒತ್ತಿತು. ಕೆಲಸ ಲಾರ್ಸನ್ ಅಂಡ್ ಟೂಬ್ರೋ ಕಂಪನಿಯದು, ತಾಂತ್ರಿಕ ಮಾರ್ಗದರ್ಶನ ಮದರಾಸಿನ ಐ.ಐ.ಟಿ.ಯದು. ಒಂದೂವರೆ ತಿಂಗಳೊಳಗೆ ಮುಗಿಯಿತು. ಅದು ಸರ್ಕಾರದ್ದೇ ಕಟ್ಟಡ, ಜೊತೆಗೆ ದೊಡ್ಡ ಕಂಪನಿ, ದೊಡ್ಡ ವಿದ್ಯಾಸಂಸ್ಥೆ. ಕಾಗದಪತ್ರಗಳು ಸಲೀಸಾಗಿ ಸಾಗಿರಬೇಕು. ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಹಳೆಯ ಕಂಟೇನರಿಗೆ ಕಿಟಕಿ ಕೊರೆದು ಮಾರುವವನು ಆ ಮಂಡಳಿಯ ಹೆಸರನ್ನೂ ಕೇಳಿರಲಾರ. ಅವನ ಗಿರಾಕಿ ಕೇಳಬೇಕಾದ ಪ್ರಶ್ನೆಗಳು ಸಣ್ಣವು: ಗೋಡೆಯೊಳಗಿನ ನೊರೆ ಬೆಂಕಿ ಹಿಡಿದರೆ ಎಂಥ ಹೊಗೆ ಬರುತ್ತದೆ, ಕಂಟೇನರಿನಲ್ಲಿ ಹಿಂದೆ ಏನು ತುಂಬಿದ್ದರು, ಮಿಂಚು ಹೊಡೆದರೆ ನೆಲಕ್ಕೆ ತಂತಿ ಎಲ್ಲಿದೆ, ಬಿರುಗಾಳಿಗೆ ಯಾವುದು ಹಿಡಿದು ನಿಲ್ಲಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ದೇವನಹಳ್ಳಿಯ ಸುತ್ತ ಕಾರ್ಖಾನೆಯ ಗೋಡೆಗಳ ನಡುವೆ ನಿಜವಾಗಿ ಬದುಕುತ್ತಿರುವವರು ತೋಟದ ಮನೆಯವರಲ್ಲ. ರಾಯಚೂರು, ಕಲಬುರಗಿಗಳಿಂದ, ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದು ಇಲ್ಲಿನ ಎತ್ತರದ ಕಟ್ಟಡಗಳನ್ನು ಕಟ್ಟುವವರು. ಅವರ ಸಾಲು ಶೆಡ್ಡುಗಳು ತಗಡಿನವು; ಏಪ್ರಿಲ್ ಮಧ್ಯಾಹ್ನದಲ್ಲಿ ಒಳಗೆ ಕೂರುವುದಕ್ಕಿಂತ ಮರದ ನೆರಳು ಮೇಲು. ಕಾನೂನು ಅವರನ್ನು ಮರೆತಿರಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯ 34ನೆಯ ಪ್ರಕರಣ, ಕೆಲಸ ನಡೆಯುವಷ್ಟು ಕಾಲ ಮಾಲೀಕನು ಕಾರ್ಮಿಕರಿಗೆ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆಗೆ ಬೇರೆ ಜಾಗ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಏರ್ಪಾಡು ಇರಬೇಕು ಎಂದು ವಿಧಿಸಿತು. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸುರಕ್ಷತಾ ಸಂಹಿತೆ ಆ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೆ ಗೋಡೆ ಎಷ್ಟು ದಪ್ಪವಿರಬೇಕು, ಒಳಗೆ ಸೆಖೆ ಎಷ್ಟು ಮೀರಬಾರದು, ಒಂದು ಕೋಣೆಗೆ ಎಷ್ಟು ಜನ ಎಂಬಂಥ ವಿವರಗಳಿಗೆ 34ನೆಯ ಪ್ರಕರಣ ಇಳಿದಿರಲಿಲ್ಲ. ಹೊಸ ಕಟ್ಟಡದ ಪ್ರತಿ ಕಿಟಕಿಯನ್ನು ನಕ್ಷೆಯಲ್ಲಿ ನೋಡಿ ಮಂಜೂರು ಮಾಡುವ ಕಚೇರಿ, ಅದನ್ನು ಕಟ್ಟುವವರ ಶೆಡ್ಡಿನ ಕಿಟಕಿಯನ್ನು ನೋಡುವುದು ಅಪರೂಪ. ಅದು ತಾತ್ಕಾಲಿಕ ಎಂಬುದೇ ಕಾರಣ. ಕಟ್ಟಡ ಮೂರು ವರ್ಷ ನಡೆದರೆ ಆ ತಾತ್ಕಾಲಿಕದಲ್ಲಿ ಹುಟ್ಟಿದ ಮಗು ಅಂಗನವಾಡಿಗೆ ಹೋಗುವಷ್ಟು ದೊಡ್ಡದಾಗಿರುತ್ತದೆ.

ಅದೇ 34ನೆಯ ಪ್ರಕರಣದಲ್ಲಿ ಇನ್ನೊಂದು ಮಾತಿತ್ತು: ಕೆಲಸ ಮುಗಿದ ಕೂಡಲೇ ಮಾಲೀಕನು ತನ್ನ ಖರ್ಚಿನಲ್ಲಿ ಆ ಶೆಡ್ಡುಗಳನ್ನು ತೆಗೆಸಿ, ನೆಲವನ್ನು ಮಟ್ಟಮಾಡಿ, ಶುಚಿಯಾಗಿ ಬಿಡಬೇಕು. ಈ ಭಾಗ ತಪ್ಪದೆ ನಡೆಯುತ್ತದೆ. ತಗಡಿಗೆ ಮತ್ತೆ ಉಪಯೋಗವಿದೆ. ಬೋಲ್ಟು ಬಿಚ್ಚಿ, ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಪಾತ್ರೆಯ ಗಂಟು, ಹಾಸಿಗೆ, ಮಕ್ಕಳನ್ನು ಕೂರಿಸಿಕೊಂಡು ಲಾರಿ ಆವತಿಯನ್ನು ದಾಟಿ ಮುಂದಿನ ಕೆಲಸದ ಜಾಗಕ್ಕೆ ಹೊರಡುತ್ತದೆ.